ಹಳೆಯ ಲ್ಯಾಪ್‌ಟಾಪ್ ಮತ್ತು ಹಳ್ಳಿಯ ತಿಪ್ಪೆ

ಕನಕಪುರದಿಂದ ಸಂಗಮಕ್ಕೆ ಹೋಗುವ ದಾರಿಯಲ್ಲಿರುವ ದೊಡ್ಡಆಲಹಳ್ಳಿಯಂಥ ಊರಿನಲ್ಲಿ ರೇಷ್ಮೆ ಬೆಳೆಯುವ ಕುಟುಂಬಕ್ಕೆ ಗಣಕಯಂತ್ರದಿಂದ ಆಗಬೇಕಾದ ಕೆಲಸವೇನು? ಪಹಣಿ ನೋಡುವುದು, ಚಾಕಿ ಹುಳು, ಸೊಪ್ಪು, ಗೂಡುಗಳ ಲೆಕ್ಕ ಬರೆದಿಡುವುದು, ಕನ್ನಡದಲ್ಲಿ ಒಂದು ಅರ್ಜಿ, ಮಕ್ಕಳ ಪಾಠ. ಇಷ್ಟಕ್ಕಾಗಿ ಬೆಳೆಯ ಹಣವನ್ನೆಲ್ಲ ಹೊಸ ಲ್ಯಾಪ್‌ಟಾಪ್‌ಗೆ ಸುರಿಯುವ ಅಗತ್ಯವಿಲ್ಲ. ಕಚೇರಿಗಳು ಕಳಚಿಹಾಕಿದ ಹಳೆಯ ಯಂತ್ರವೇ ಸಾಕು.

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. 2017ಕ್ಕೆ ಹಿಂದಿನ ಬಹುತೇಕ ಯಂತ್ರಗಳಿಗೆ ವಿಂಡೋಸ್ 11 ಅಧಿಕೃತವಾಗಿ ದೊರೆಯುವುದಿಲ್ಲ. ಯಂತ್ರ ಕೆಟ್ಟಿಲ್ಲ, ಅದನ್ನು ಹಳತೆಂದು ಸಾರಲಾಗಿದೆ, ಅಷ್ಟೆ. ಅದೇ ಯಂತ್ರದಲ್ಲಿ ಡೆಬಿಯನ್‌ನಂಥ ಲಿನಕ್ಸ್ ಉಚಿತವಾಗಿ ನಡೆಯುತ್ತದೆ. ಕಗಪ ಕೀಲಿಮಣೆಯ ವಿನ್ಯಾಸವೂ ಅದರಲ್ಲಿದೆ. ಲ್ಯಾಪ್‌ಟಾಪ್ ತನ್ನ ಆಯುಷ್ಯದಲ್ಲಿ ಉಂಟುಮಾಡುವ ಇಂಗಾಲದ ಹೊರೆಯ ದೊಡ್ಡ ಪಾಲು ತಯಾರಿಕೆಯ ಹಂತದ್ದೇ ಆದುದರಿಂದ, ಇನ್ನೈದು ವರ್ಷ ಬಳಸುವುದು ಪರಿಸರಕ್ಕೂ ಲಾಭ.

ಆದರೆ ಹಳತೆಲ್ಲ ಒಳ್ಳೆಯದಲ್ಲ. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಿಂದ 32 ಬಿಟ್ ಯಂತ್ರಗಳಿಗೆ ಅನುಸ್ಥಾಪನೆಯ ಸೌಲಭ್ಯವಿಲ್ಲ. 64 ಬಿಟ್ ಸಂಸ್ಕಾರಕ, 4 ಜಿಬಿ ಸ್ಮೃತಿ ಇರಲಿ. 2011ರ ಥಿಂಕ್‌ಪ್ಯಾಡ್ ಟಿ420ರಂಥವುಗಳಲ್ಲಿ ಬ್ಯಾಟರಿಯನ್ನು ಕೈಯಿಂದಲೇ ಕಳಚಬಹುದು, ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಕೂರಿಸಬಹುದು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಳ್ಳುವವರು ಯಂತ್ರವನ್ನು ಅರ್ಧ ಗಂಟೆ ನಡೆಸಿ ನೋಡಬೇಕು. ಉಬ್ಬಿದ ಬ್ಯಾಟರಿ ಎಷ್ಟು ಅಗ್ಗವಾದರೂ ಬೇಡ; ಅದು ಬೆಂಕಿಯ ಅಪಾಯ.

ಇದಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿದೆ. ಈ ಯಂತ್ರ ಕೊನೆಗೆ ಎಲ್ಲಿಗೆ ಹೋಗುತ್ತದೆ? 2006ಕ್ಕೆ ಹಿಂದಿನ ಬಹುತೇಕ ಯಂತ್ರಗಳ ಬೆಸುಗೆಯಲ್ಲಿ ಸೀಸವಿದೆ. ಹಳೆಯ ಪರದೆಗಳ ದೀಪದ ಕೊಳವೆಯಲ್ಲಿ ಪಾದರಸವಿದೆ. ಸಗಣಿ, ಸೊಪ್ಪಿನಂತೆ ಇವು ಕೊಳೆತು ಮಣ್ಣಾಗುವುದಿಲ್ಲ. ತಿಪ್ಪೆಗೆ ಎಸೆದದ್ದು ಗೊಬ್ಬರದೊಂದಿಗೆ ಹಿಪ್ಪುನೇರಳೆಯ ತೋಟಕ್ಕೇ ಮರಳುತ್ತದೆ. 2022ರಲ್ಲಿ ಜಗತ್ತಿನಲ್ಲಿ ಉತ್ಪತ್ತಿಯಾದ ಇ-ತ್ಯಾಜ್ಯ 6.2 ಕೋಟಿ ಟನ್. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹಿಸಿ ಮರುಬಳಕೆಗೆ ಒಳಪಡಿಸಿದ ದಾಖಲೆ ಇರುವುದು ಶೇಕಡಾ 22.3ಕ್ಕೆ ಮಾತ್ರ ಎಂದು ವಿಶ್ವಸಂಸ್ಥೆಯ ಅಂಗಸಂಸ್ಥೆಗಳ 2024ರ ವರದಿ ಹೇಳುತ್ತದೆ.

ಬಳಕೆಯ ಯಂತ್ರ ಹಳ್ಳಿಗೆ ಬರುವುದು ಒಂದು, ನಗರದ ಕಸ ಹಳ್ಳಿಗೆ ಬರುವುದು ಇನ್ನೊಂದು. ಎರಡರ ನಡುವಿನ ಅಂತರ ಕೆಲವೇ ವರ್ಷಗಳದು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಆ ಹೊಣೆ ಪಂಚಾಯಿತಿಯ ಬಾಗಿಲಿಗೆ ಬರಬೇಕು. ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಬ್ಯಾಟರಿ ಮತ್ತು ಯಂತ್ರಗಳನ್ನು ಕೂಡಿಡಲು ಮಳೆ ಬೀಳದ ಒಂದು ಕೊಠಡಿ, ವರ್ಷಕ್ಕೆರಡು ಬಾರಿ ಅಧಿಕೃತ ಮರುಬಳಕೆದಾರರ ವಾಹನ – ಇಷ್ಟನ್ನು ಮುಂದಿನ ಗ್ರಾಮಸಭೆಯಲ್ಲೇ ಕೇಳಬಹುದು. ಹಳೆಯ ಲ್ಯಾಪ್‌ಟಾಪ್ ಕೊಳ್ಳುವವರು ಈ ಬೇಡಿಕೆಯನ್ನೂ ಜೊತೆಗೇ ಮುಂದಿಡಲಿ.