ಎರಡನೆಯ ಸಲದ ಹೊಣೆ

ಮಂಗಳೂರಿನ ಹೊರವಲಯದ ಉಳಾಯಿಬೆಟ್ಟಿನ ಹಂಚಿನ ಕಾರ್ಖಾನೆಯೊಂದರಲ್ಲಿ 2021ರ ನವೆಂಬರಿನಲ್ಲಿ ಎಂಟು ವರ್ಷದ ಬಾಲಕಿಯೊಬ್ಬಳು ಅತ್ಯಾಚಾರಕ್ಕೆ ಗುರಿಯಾಗಿ ಕೊಲೆಗೀಡಾದಳು. ಕೂಲಿಯನ್ನರಸಿ ಜಾರ್ಖಂಡದಿಂದ ಬಂದಿದ್ದವರ ಮಗಳು ಅವಳು. ಮೂರು ವರ್ಷಗಳ ತರುವಾಯ, 2024ರ ನವೆಂಬರಿನಲ್ಲಿ, ಇಲ್ಲಿಯ ವಿಶೇಷ ನ್ಯಾಯಾಲಯವು ಮೂವರಿಗೆ ಮರಣದಂಡನೆಯನ್ನು ವಿಧಿಸಿತು. ಆ ತೀರ್ಪಿನೊಂದಿಗೆ ನ್ಯಾಯಾಲಯದ ಕರ್ತವ್ಯ ಮುಗಿಯಿತಷ್ಟೆ. ತಂದೆತಾಯಂದಿರು ದುಡಿಯುತ್ತಿರುವಾಗ ಕಾರ್ಖಾನೆಯ ಅಂಗಳದಲ್ಲಿ ಬೆಳೆಯುವ ಇಂತಹ ಮಕ್ಕಳ ಮೇಲೆ ಹಗಲು ಯಾರ ಕಣ್ಣಿರುತ್ತದೆ ಎಂದು ವಿಚಾರಿಸಬೇಕಾದ ಹೊಣೆ ಸರಕಾರದ್ದು. ಅದು ಮುಗಿಯಿತೆಂದು ಹೇಳುವಂತಿಲ್ಲ.

ಮಕ್ಕಳ ಮೇಲಣ ದೌರ್ಜನ್ಯವು ಒಮ್ಮೆ ನಡೆದು ನಿಲ್ಲುವ ಜಾತಿಯ ಅಪರಾಧವಲ್ಲ. ಇಂತಹ ಅತ್ಯಾಚಾರ ಪ್ರಕರಣಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಮೀರಿ ಆರೋಪಿಯು ಮಗುವಿಗೆ ಪರಿಚಿತನೇ ಆಗಿರುವನೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಅಂಕಿ ಅಂಶಗಳು ವರ್ಷವರ್ಷವೂ ಸಾರುತ್ತಿವೆ. ಬಂಧು, ನೆರೆಯವ, ಪಾಠ ಹೇಳುವವ, ವಾಹನ ನಡೆಸುವವ. ಮಗು ಮರುದಿನವೂ ಅದೇ ಮನೆಯಲ್ಲಿರಬೇಕು, ಅದೇ ಶಾಲೆಗೆ ಹೋಗಬೇಕು. ಮೊದಲ ದಿನದ ಮೌನವೇ ಎರಡನೆಯ ದಿನಕ್ಕೆ ರಹದಾರಿಯಾಗುತ್ತದೆ.

ಇದನ್ನು ಶಾಸನಕರ್ತರು ಅರಿಯದೆ ಇರಲಿಲ್ಲ. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸಲೆಂದು 2012ರಲ್ಲಿ ಮಾಡಿದ ಪೋಕ್ಸೊ ಕಾಯಿದೆಯು, ಒಂದೇ ಮಗುವಿನ ಮೇಲೆ ಒಂದಕ್ಕಿಂತ ಹೆಚ್ಚು ಸಲ ಎಸಗಿದ ಅತ್ಯಾಚಾರವನ್ನು ಹೆಚ್ಚು ಘೋರವಾದ ಅಪರಾಧವೆಂದೇ ಎಣಿಸುತ್ತದೆ. 2019ರ ತಿದ್ದುಪಡಿಯ ಮೇಲೆ ಅದಕ್ಕೆ ಕನಿಷ್ಠ ಶಿಕ್ಷೆ ಇಪ್ಪತ್ತು ವರ್ಷಗಳ ಸೆರೆವಾಸ. ಸರಿಯೆ. ಆದರೆ ಮೊದಲ ಸಲದ ಸಂಗತಿಯನ್ನು ತಿಳಿದೂ ಪೊಲೀಸರಿಗೆ ತಿಳಿಸದೆ ಉಳಿದವನಿಗೆ ಅದೇ ಕಾಯಿದೆಯಲ್ಲಿ ಹೆಚ್ಚೆಂದರೆ ಆರು ತಿಂಗಳು. ತನ್ನ ಕೈಕೆಳಗಿನವನ ಕೃತ್ಯವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥನಿಗೆ ಒಂದು ವರ್ಷ. ಈ ಅಲ್ಪ ಶಿಕ್ಷೆಯಾದರೂ ಎಷ್ಟು ಮಂದಿಗೆ ಆಗಿದೆ?

ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯ ರಾಜುರಾದಲ್ಲಿ ನಡೆದುದನ್ನು ಇಲ್ಲಿ ನೆನೆಯಬೇಕು. ಬುಡಕಟ್ಟಿನ ಹೆಣ್ಣುಮಕ್ಕಳ ವಿದ್ಯಾರ್ಥಿನಿಲಯವೊಂದರಲ್ಲಿ ಹದಿನೇಳು ಮಂದಿ ಬಾಲಕಿಯರು ದೌರ್ಜನ್ಯಕ್ಕೊಳಗಾದರೆಂಬ ಪ್ರಕರಣವದು. ಅವರಿಗೆ ಚಿಕಿತ್ಸೆ ಮಾಡುತ್ತಿದ್ದ ವೈದ್ಯರು ತಿಳಿದೂ ವರದಿ ಮಾಡಲಿಲ್ಲವೆಂಬ ಆರೋಪವನ್ನು ಉಚ್ಚ ನ್ಯಾಯಾಲಯವು ತಳ್ಳಿಹಾಕಿತ್ತು. 2022ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಆದೇಶವನ್ನು ರದ್ದುಪಡಿಸಿ, ತಿಳಿದೂ ವರದಿ ಮಾಡದಿರುವುದು ಗುರುತರವಾದ ಅಪರಾಧವೆಂದು ಸ್ಪಷ್ಟಪಡಿಸಿತು. ಒಬ್ಬಳಲ್ಲ, ಇಬ್ಬರಲ್ಲ, ಹದಿನೇಳು ಮಂದಿ. ಆ ಸಂಖ್ಯೆ ಅಷ್ಟಕ್ಕೆ ಬೆಳೆಯುವವರೆಗೆ ಮೇಲ್ವಿಚಾರಣೆ ಎಲ್ಲಿ ಹೋಗಿತ್ತು?

ಮೇಲ್ವಿಚಾರಣೆಯ ಏರ್ಪಾಡು ಕಾಗದದ ಮೇಲೆ ಅಚ್ಚುಕಟ್ಟಾಗಿಯೇ ಇದೆ. ದೂರು ಬಂದ 24 ತಾಸುಗಳೊಳಗೆ ಪೊಲೀಸರು ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಬೇಕು. ಸಮಿತಿಯ ಕೆಲಸಕಾರ್ಯವನ್ನು ಜಿಲ್ಲಾಧಿಕಾರಿಗಳು ಮೂರು ತಿಂಗಳಿಗೊಮ್ಮೆ ಪರಿಶೀಲಿಸಬೇಕು. ಮಕ್ಕಳ ಪಾಲನಾ ಸಂಸ್ಥೆಗಳನ್ನು ತನಿಖಾ ಸಮಿತಿಯು ಮೂರು ತಿಂಗಳಿಗೊಮ್ಮೆಯಾದರೂ ಕಣ್ಣಾರೆ ನೋಡಬೇಕು. ಇದು 2015ರ ಬಾಲನ್ಯಾಯ ಕಾಯಿದೆಯ ಮಾತು. ಇವೆಲ್ಲದರ ಮೇಲೆ ರಾಜ್ಯದ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ. ಆದರೆ ಬಿಹಾರದ ಮುಜಫ್ಫರಪುರದ ಬಾಲಿಕಾಗೃಹಕ್ಕೂ ಇದೇ ಕಾಯಿದೆ, ಇದೇ ತನಿಖೆ ಅನ್ವಯಿಸುತ್ತಿದ್ದವು. ಅಲ್ಲಿಯ ಹುಡುಗಿಯರ ಪಾಡನ್ನು 2018ರಲ್ಲಿ ಬಯಲಿಗೆ ತಂದದ್ದು ಹೊರಗಿನಿಂದ ಬಂದ ಟಾಟಾ ಸಮಾಜವಿಜ್ಞಾನ ಸಂಸ್ಥೆಯ ಪರಿಶೋಧಕರು. 2020ರಲ್ಲಿ ಶಿಕ್ಷೆಗೊಳಗಾದವರ ಸಾಲಿನಲ್ಲಿ ಮಕ್ಕಳ ಕಲ್ಯಾಣ ಸಮಿತಿಯ ಅಧ್ಯಕ್ಷನೂ ಇದ್ದ! ಬೇಲಿಯೇ ಎದ್ದು ಹೊಲ ಮೇಯ್ದಿತೆಂಬ ನಾಣ್ಣುಡಿಗೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ದುಷ್ಟರಿಲ್ಲದೆಯೂ ಬೇಲಿ ಕುಸಿಯುವುದುಂಟು. ಲಂಡನ್ನಿನಲ್ಲಿ 2000ದ ಫೆಬ್ರವರಿಯಲ್ಲಿ ವಿಕ್ಟೋರಿಯಾ ಕ್ಲಿಂಬಿಯೆ ಎಂಬ ಎಂಟು ವರ್ಷದ ಬಾಲಿಕೆಯು ಪೋಷಿಸಬೇಕಾದವರ ಹಿಂಸೆಯಿಂದಲೇ ಸತ್ತಳು. ಲಾರ್ಡ್ ಲೇಮಿಂಗರ ವಿಚಾರಣಾ ವರದಿಯು, ಅವಳನ್ನು ಉಳಿಸಲು ಕನಿಷ್ಠ ಹನ್ನೆರಡು ಸಂದರ್ಭಗಳು ಒದಗಿದ್ದವೆಂದು ಎಣಿಸಿ ತೋರಿಸಿತು. ಆಸ್ಪತ್ರೆ, ಪೊಲೀಸು, ಸಮಾಜಸೇವಾ ಇಲಾಖೆ, ಪ್ರತಿಯೊಂದಕ್ಕೂ ಒಂದೊಂದು ತುಣುಕು ಗೊತ್ತಿತ್ತು. ತುಣುಕುಗಳನ್ನು ಜೋಡಿಸಿ ನೋಡಿದವರಿರಲಿಲ್ಲ. ಆ ವಿಚಾರಣೆಯ ವೈಶಿಷ್ಟ್ಯವೆಂದರೆ, ಅದು ಅಪರಾಧಿಗಳನ್ನು ಬಿಟ್ಟು ಕಚೇರಿಗಳನ್ನು ಪ್ರಶ್ನಿಸಿತು. ನಮ್ಮಲ್ಲಿ ಕಾಣದಿರುವುದು ಅದೇ.

ಮಂಗಳೂರು ವಿದ್ಯಾಸಂಸ್ಥೆಗಳ ನಗರ. ಡಾ. ಶಿವರಾಮ ಕಾರಂತರು ಮಕ್ಕಳಿಗಾಗಿಯೇ ಪುತ್ತೂರಿನಲ್ಲಿ ಬಾಲವನವನ್ನು ಕಟ್ಟಿದ ಜಿಲ್ಲೆಯಿದು. ದೂರದೂರದ ಊರುಗಳಿಂದ ಮಕ್ಕಳು ಬಂದು ಇಲ್ಲಿಯ ವಿದ್ಯಾರ್ಥಿನಿಲಯಗಳಲ್ಲಿರುತ್ತಾರೆ. ಬಾಲನ್ಯಾಯ ಕಾಯಿದೆಯ ತನಿಖೆಯು ಅನಾಥಾಲಯ, ಬಾಲಮಂದಿರಗಳನ್ನು ಉದ್ದೇಶಿಸಿದ್ದು. ಸಾಮಾನ್ಯ ವಿದ್ಯಾರ್ಥಿನಿಲಯಗಳು ಬಹುಮಟ್ಟಿಗೆ ಅದರ ಹೊರಗೇ ಉಳಿಯುತ್ತವೆ. ಸಂಸ್ಥೆಯ ಹೆಸರು ಕೆಟ್ಟೀತೆಂದು ದೂರಿಗೊಳಗಾದವನನ್ನು ಸದ್ದಿಲ್ಲದೆ ಬೇರೆಡೆಗೆ ಸಾಗಿಸುವ ಚಾಳಿಯನ್ನು ಆಸ್ಟ್ರೇಲಿಯದ ರಾಯಲ್ ಕಮಿಷನ್ 2017ರಲ್ಲಿ ವಿಸ್ತಾರವಾಗಿ ದಾಖಲಿಸಿದೆ. ಹೊಸ ಊರಿನ ಮಕ್ಕಳಿಗೆ ಅವನು ಹೊಸಬ. ಇದನ್ನು ತಡೆಯಲೆಂದೇ 2020ರ ಪೋಕ್ಸೊ ನಿಯಮಗಳು ಮಕ್ಕಳ ಸಂಪರ್ಕವಿರುವ ಸಂಸ್ಥೆಗಳ ನೌಕರರ ಪೂರ್ವವೃತ್ತಾಂತವನ್ನು ಪೊಲೀಸರ ಮೂಲಕ ಆಗಾಗ ಪರಿಶೀಲಿಸಬೇಕೆಂದು ವಿಧಿಸಿವೆ. ಆದರೆ ಮೊದಲನೆಯ ಸಂಸ್ಥೆಯು ದೂರನ್ನೇ ಕೊಡದಿದ್ದರೆ ಪೊಲೀಸರ ಪುಸ್ತಕದಲ್ಲಿ ಏನು ಸಿಕ್ಕೀತು?

ಪ್ರಕರಣಗಳ ಸಂಖ್ಯೆಯನ್ನಷ್ಟೇ ಓದಿ ಮುಗಿಸುವ ಪರಿಶೀಲನಾ ಸಭೆಗಳಿಂದ ಪ್ರಯೋಜನವಿಲ್ಲ. ಹದಿಹರೆಯದವರ ಪ್ರೇಮಪ್ರಕರಣಗಳೂ ಇದೇ ಕಾಯಿದೆಯ ಕಡತಕ್ಕೆ ಸೇರುವುದರಿಂದ ಸಂಖ್ಯೆಯು ದಾರಿ ತಪ್ಪಿಸುವುದೂ ಉಂಟು. ಜಿಲ್ಲಾಧಿಕಾರಿಗಳ ಮುಂದೆ ಬರುವ ಪಟ್ಟಿಯಲ್ಲಿ ಇನ್ನೊಂದು ಅಂಕಣವಿರಲಿ. ಈ ಮಗು, ಈ ಮನೆ, ಈ ಸಂಸ್ಥೆ ಅಥವಾ ಈ ಆರೋಪಿಯ ವಿಷಯ ಹಿಂದೆ ಯಾವುದಾದರೂ ಕಚೇರಿಗೆ ಬಂದಿತ್ತೆ? ಬಂದಿದ್ದರೆ ಯಾವ ದಿನ, ಯಾರ ಮೇಜಿಗೆ, ಮುಂದೇನಾಯಿತು? ಶಾಲೆ, ಅಂಗನವಾಡಿ, ಆಸ್ಪತ್ರೆ, ಪೊಲೀಸು ಠಾಣೆ, ಕಲ್ಯಾಣ ಸಮಿತಿ, ಈ ಐದೂ ಕಡೆಯಿಂದ ಉತ್ತರ ತರಿಸಿ, ಮಕ್ಕಳ ಹೆಸರು ಗುರುತುಗಳನ್ನು ತೆಗೆದು, ಆಯೋಗದ ಮೂಲಕ ವಿಧಾನಮಂಡಲದ ಮುಂದಿಡಬೇಕು. ಇದಕ್ಕಾಗಿ ಹೊಸ ಕಾಯಿದೆಯನ್ನು ಕಾಯಬೇಕಾಗಿಲ್ಲ. ದಕ್ಷಿಣ ಕನ್ನಡದ ಮುಂದಿನ ತ್ರೈಮಾಸಿಕ ಸಭೆಯಲ್ಲಿಯೇ ಇದನ್ನು ಆರಂಭಿಸಬಹುದು.