ಗ್ರೇಡಿನ ನಾಣ್ಯಗಳ ಗಂಟು

ಪಿರಿಯಾಪಟ್ಟಣ ತಾಲ್ಲೂಕಿನ ಸಹೋದರಿಯೊಬ್ಬರು ನಮಗೆ ಬರೆದ ಪತ್ರವೇ ಈ ತಿಂಗಳ ಅಂಕಣಕ್ಕೆ ಕಾರಣವಾಗಿದೆ. ಹೊಗೆಸೊಪ್ಪಿನ ಹರಾಜಿನ ಹಣ ಬ್ಯಾಂಕಿಗೆ ಬಂದಿದೆ. ಬ್ಯಾರನ್ನಿನ ಸೌದೆಯ ಬಾಕಿ, ಗೊಬ್ಬರದ ಸಾಲ, ಕೂಲಿ ಎಲ್ಲವನ್ನೂ ತೀರಿಸಿದ ಮೇಲೆ ಅರವತ್ತು ಸಾವಿರ ರೂಪಾಯಿ ಕೈಯಲ್ಲಿ ಉಳಿದಿದೆ. ಅದನ್ನು ಎಂಟು ವರ್ಷದ ಮಗಳ ಹೆಸರಿನಲ್ಲಿ ಇಡಬೇಕೆಂಬುದು ತಾಯಿಯ ಅಪೇಕ್ಷೆ. ಯಜಮಾನರ ಆಲೋಚನೆ ಬೇರೆ. ಪರಿಚಿತರೊಬ್ಬರು ಅವರಿಗೆ ನೂರು ನಾಣ್ಯಗಳ ಒಂದು ಗಂಟನ್ನು ತೋರಿಸಿದ್ದಾರೆ. ಪ್ರತಿಯೊಂದೂ ಗಟ್ಟಿ ಪಾರದರ್ಶಕ ಡಬ್ಬಿಯಲ್ಲಿ ಮುಚ್ಚಿದ್ದು, ವಿದೇಶೀ ಸಂಸ್ಥೆಯ ಚೀಟಿ ಮತ್ತು ಗ್ರೇಡಿನ ಅಂಕಿ ಹೊತ್ತದ್ದು. ಒಂದಕ್ಕೆ ಆರು ನೂರರಂತೆ ನೂರಕ್ಕೆ ಅರವತ್ತು ಸಾವಿರ. “ಗ್ರೇಡ್ ಮಾಡಿಸಲು ತಗಲಿದ ಖರ್ಚಿಗಿಂತಲೂ ಕಡಿಮೆಗೆ ಕೊಡುತ್ತಿದ್ದೇನೆ, ಮಗಳ ಮದುವೆಯ ಹೊತ್ತಿಗೆ ಹತ್ತರಷ್ಟಾಗುತ್ತದೆ” ಎಂದು ಅವರು ಹೇಳಿದರಂತೆ. ಇದು ನಂಬತಕ್ಕದ್ದೇ ಎಂದು ಸಹೋದರಿಯವರು ಕೇಳಿದ್ದಾರೆ. ಇಂತಹುದೇ ವಿಚಾರಣೆ ಹುಣಸೂರಿನಿಂದಲೂ ಹೆಗ್ಗಡದೇವನಕೋಟೆಯಿಂದಲೂ ಹಿಂದೆ ನಮ್ಮ ಕಿವಿಗೆ ಬಿದ್ದಿತ್ತು. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇವೆ.

ಮೊದಲು ಈ ಗ್ರೇಡೆಂಬುದರ ಹುಟ್ಟನ್ನು ನೋಡೋಣ. 1949ರಲ್ಲಿ ಅಮೆರಿಕದ ವಿಲಿಯಂ ಶೆಲ್ಡನ್ ಎಂಬ ವಿದ್ವಾಂಸರು ತಮ್ಮ ದೇಶದ ಹಳೆಯ ತಾಮ್ರದ ಸೆಂಟುಗಳನ್ನು ಕುರಿತ ಗ್ರಂಥದಲ್ಲಿ 1ರಿಂದ 70ರವರೆಗಿನ ಅಳತೆಯೊಂದನ್ನು ರೂಪಿಸಿದರು. ಸವೆದು ಗುರುತು ಮಾತ್ರ ಉಳಿದ ನಾಣ್ಯಕ್ಕೆ 1, ಲವಲೇಶವೂ ಕುಂದಿಲ್ಲದ ನಾಣ್ಯಕ್ಕೆ 70. ಅವರ ಲೆಕ್ಕದಲ್ಲಿ ಆ ಅಂಕಿ ಬೆಲೆಯ ಸೂಚಕವೂ ಆಗಿತ್ತು. ಅಂದರೆ 70ರ ನಾಣ್ಯವು 1ರ ನಾಣ್ಯದ ಎಪ್ಪತ್ತರಷ್ಟು ಬಾಳಬೇಕು. ಮಾರುಕಟ್ಟೆ ಆ ಲೆಕ್ಕಕ್ಕೆ ಬಹುಕಾಲ ಕಟ್ಟುಬೀಳಲಿಲ್ಲ. ಬೆಲೆಯ ಸೂತ್ರ ಬಿದ್ದುಹೋಯಿತು, ಅಂಕಿ ಮಾತ್ರ ಉಳಿಯಿತು. 1986ರಲ್ಲಿ ಪಿ.ಸಿ.ಜಿ.ಎಸ್., 1987ರಲ್ಲಿ ಎನ್.ಜಿ.ಸಿ. ಎಂಬ ಅಮೆರಿಕದ ಸಂಸ್ಥೆಗಳು ಶುಲ್ಕ ಪಡೆದು ನಾಣ್ಯಗಳನ್ನು ಪರೀಕ್ಷಿಸಿ, ಅಂಕಿ ಕೊಟ್ಟು, ಡಬ್ಬಿಯಲ್ಲಿ ಭದ್ರಪಡಿಸಿ ಹಿಂದಿರುಗಿಸುವ ಕೆಲಸವನ್ನು ಆರಂಭಿಸಿದವು. ಹಳೆಯ, ಬೆಲೆಬಾಳುವ, ನಕಲಿಯ ಭಯವಿರುವ ನಾಣ್ಯಗಳ ಮಟ್ಟಿಗೆ ಇದು ನಿಜಕ್ಕೂ ಉಪಕಾರವಾದ ಏರ್ಪಾಡು.

ಆಧುನಿಕ ನಾಣ್ಯದ ಸಂಗತಿ ಹಾಗಲ್ಲ. ಇನ್ನೂರು ವರ್ಷದ ಹಿಂದಿನ ನಾಣ್ಯ ಹತ್ತಾರು ಕೈ ದಾಟಿ, ಮಣ್ಣಿನಲ್ಲಿ ಹೂತು, ಆದರೂ ಹೊಸದರಂತೆ ಉಳಿದಿದ್ದರೆ ಅದು ಅಪರೂಪವೇ ಸರಿ. ಇಂದಿನ ಸ್ಮಾರಕ ನಾಣ್ಯವಾದರೋ ಸಂಗ್ರಹಕಾರರಿಗೆಂದೇ ಟಂಕವಾಗಿ, ಯಂತ್ರದಿಂದ ನೇರವಾಗಿ ಪೆಟ್ಟಿಗೆಗೆ ಸೇರುತ್ತದೆ. ಅದು ಹೊಳೆಯುವುದರಲ್ಲಿ ಆಶ್ಚರ್ಯವೇನಿದೆ? ಇಂತಹವಕ್ಕೆ 69 ಅಥವಾ 70 ಬರುವುದು ಸಾಮಾನ್ಯ. ದೊಡ್ಡ ವ್ಯಾಪಾರಿಗಳು ನೂರು, ಇನ್ನೂರು ನಾಣ್ಯಗಳನ್ನು ಒಟ್ಟಿಗೆ ಕಳುಹಿಸಿ ರಿಯಾಯಿತಿ ಶುಲ್ಕದಲ್ಲಿ ಗ್ರೇಡ್ ಮಾಡಿಸುತ್ತಾರೆ. 70 ಬಂದವನ್ನು ಬಿಡಿಬಿಡಿಯಾಗಿ ಹೆಚ್ಚಿನ ಬೆಲೆಗೆ ಮಾರುತ್ತಾರೆ. ಉಳಿದದ್ದು ಗಂಟಾಗಿ ಹೊರಬರುತ್ತದೆ. ಹೀಗಾಗಿ ಗಂಟಿನಲ್ಲಿ ನಾಣ್ಯ ಕೊಳ್ಳುವವರು ಬಹುತೇಕ ಬೇರೊಬ್ಬರು ಆರಿಸಿಕೊಂಡ ಮೇಲೆ ಉಳಿದುದನ್ನು ಕೊಳ್ಳುತ್ತಾರೆ.

ನಮ್ಮ ಪ್ರಾಂತ್ಯದವರಿಗೆ ಇದನ್ನು ಬಿಡಿಸಿ ಹೇಳಬೇಕಾದ ಅಗತ್ಯವೇ ಇಲ್ಲ. ಗ್ರೇಡೆಂದರೆ ಏನೆಂಬುದು ಹುಣಸೂರು, ಪಿರಿಯಾಪಟ್ಟಣ, ಕೋಟೆಯ ರೈತ ಕುಟುಂಬಗಳಿಗೆ ತಿಳಿದಷ್ಟು ನಾಣ್ಯದ ವ್ಯಾಪಾರಿಗೂ ತಿಳಿದಿರಲಾರದು. 1976ರಲ್ಲಿ ತಂಬಾಕು ಮಂಡಳಿ ಸ್ಥಾಪನೆಯಾಗಿ, 1984ರಲ್ಲಿ ಕರ್ನಾಟಕದಲ್ಲಿ ಹರಾಜು ಪದ್ಧತಿ ಬಂದ ಮೇಲೆ ಎರಡು ತಲೆಮಾರು ಇದರಲ್ಲೇ ಬೆಳೆದಿವೆ. ಗಿಡದ ಬುಡದ ಎಲೆ ಬೇರೆ, ನಡುವಿನದು ಬೇರೆ, ತುದಿಯದು ಬೇರೆ. ಹದವಾದ ಸೊಪ್ಪನ್ನು ಮನೆಯ ಹೆಣ್ಣುಮಕ್ಕಳು ಜಗಲಿಯಲ್ಲಿ ಕುಳಿತು ಬಣ್ಣ ನೋಡಿ ವಿಂಗಡಿಸುತ್ತಾರೆ. ಬೇಲ್ ಕಟ್ಟಿ ಕಟ್ಟೆಮಳಲವಾಡಿಗೋ ಕಂಪಲಾಪುರಕ್ಕೋ ಕೊಂಡೊಯ್ದರೆ ಅಲ್ಲಿ ಅದಕ್ಕೆ ದರ್ಜೆ ಬರೆಯುತ್ತಾರೆ. ಆ ದರ್ಜೆ ಸೊಪ್ಪಿನ ಗುಣವನ್ನು ಹೇಳುತ್ತದೆಯೇ ಹೊರತು ಬೆಲೆಯನ್ನಲ್ಲ. ಬೆಲೆ ಕೂಗುವವರು ಕಂಪನಿಯ ಖರೀದಿದಾರರು. ಹೊರದೇಶದ ಬೇಡಿಕೆ ಕುಗ್ಗಿದ ವರ್ಷ ಅದೇ ದರ್ಜೆಗೆ ಬೆಲೆ ಬೀಳುತ್ತದೆ. ಯಾರೂ ಕೂಗದಿದ್ದರೆ ಬೇಲಿನ ಮೇಲೆ ‘ನೋ ಬಿಡ್’ ಎಂದು ಬೀಳುತ್ತದೆ. ದರ್ಜೆಯ ಚೀಟಿ ಸಹಿತ ಅದೇ ಬೇಲನ್ನು ಮನೆಗೆ ತಂದವರ ಸಂಕಟವನ್ನು ನಾವು ಬಲ್ಲೆವು. (ಹೊಗೆಸೊಪ್ಪು ಬೆಳೆಯುವುದರ ಗುಣದೋಷ ಬೇರೆಯೇ ಚರ್ಚೆ, ಅದನ್ನು ಇಲ್ಲಿ ಎತ್ತುವುದಿಲ್ಲ.) ಕೃಷ್ಣರಾಜನಗರದ ಭತ್ತದ ರೈತರಿಗೂ ಕಾಳು ಚೆನ್ನಾಗಿದ್ದ ವರ್ಷವೇ ಗಿರಣಿಯಲ್ಲಿ ಧಾರಣೆ ಇಲ್ಲದ ಅನುಭವ ಉಂಟು.

ಈಗ ಆ ಪರಿಚಿತರ ಮಾತಿಗೆ ಬರೋಣ. ಗ್ರೇಡ್ ಮಾಡಿಸಿದ ಖರ್ಚಿಗಿಂತ ಕಡಿಮೆಗೆ ಕೊಡುತ್ತಿದ್ದೇನೆ ಎಂಬುದನ್ನು ಅವರು ಆಕರ್ಷಣೆಯೆಂದು ಹೇಳಿದ್ದಾರೆ. ನಮಗೆ ಅದರಲ್ಲಿ ಎಚ್ಚರಿಕೆಯೇ ಕಾಣುತ್ತದೆ. ಸೌದೆಯ ಖರ್ಚೂ ಹುಟ್ಟದ ಬೆಲೆಗೆ ಒಬ್ಬರು ಬೇಲ್ ಮಾರುತ್ತಿದ್ದರೆ, ಅದಕ್ಕೆ ಸೌದೆಯಷ್ಟೂ ಬೆಲೆ ಕೊಡುವವರು ಸಿಗಲಿಲ್ಲವೆಂದೇ ಅರ್ಥವಲ್ಲವೇ? ಮೊದಲ ಮಾಲೀಕರಿಗೆ ಹಿಂದಿರುಗದ ಶುಲ್ಕ ಎರಡನೆಯವರಿಗೆ ಹಿಂದಿರುಗುವುದೆಂಬ ನಂಬಿಕೆಗೆ ಆಧಾರ ಯಾವುದು? ಹೆಚ್ಚಿನ ಕಷ್ಟವಿರುವುದು ಮಾರುವಾಗ. ಗಂಟಿನಲ್ಲಿ ಕೊಂಡದ್ದನ್ನು ಗಂಟಿನಲ್ಲಿಯೇ ಮಾರಿದರೆ ಇನ್ನೊಬ್ಬ ವ್ಯಾಪಾರಿ ಮತ್ತಷ್ಟು ಕಡಿಮೆಗೆ ಕೇಳುತ್ತಾನೆ. ಬಿಡಿಯಾಗಿ ಮಾರಬೇಕೆಂದರೆ ನೂರು ಸಲ ಚಿತ್ರ ತೆಗೆದು, ನೂರು ಗಿರಾಕಿಗಳನ್ನು ಹುಡುಕಿ, ನೂರು ಸಲ ಅಂಚೆಗೆ ಹಾಕಬೇಕು. ತಂಬಾಕಿನ ಗದ್ದಲದ ನಡುವೆ ಅದಕ್ಕೆ ಯಾರಿಗೆ ಬಿಡುವಿದೆ?

ನಾಣ್ಯ ಬೆಳ್ಳಿಯದಾದರೆ ಬೇರೆ ಮಾತಲ್ಲವೇ ಎನ್ನಬಹುದು. ಅದನ್ನೂ ತೂಗಿ ನೋಡಬೇಕು. 2023ರ ಮೇ 28ರಂದು ಹೊಸ ಸಂಸತ್ ಭವನದ ನೆನಪಿಗೆ ಬಿಡುಗಡೆಯಾದ 75 ರೂಪಾಯಿಯ ನಾಣ್ಯದ ತೂಕ 35 ಗ್ರಾಂ. ಅದರಲ್ಲಿ ಬೆಳ್ಳಿ ಶೇಕಡಾ 50, ತಾಮ್ರ 40, ನಿಕ್ಕಲ್ 5, ಸತುವು 5. ಎಂದರೆ ಬೆಳ್ಳಿ ಹದಿನೇಳೂವರೆ ಗ್ರಾಂ ಮಾತ್ರ. ಆ ದಿನದ ಬೆಳ್ಳಿಯ ದರದಿಂದ ಗುಣಿಸಿದರೆ ಲೋಹದ ಬೆಲೆ ತಿಳಿಯುತ್ತದೆ. ಪೇಟೆಯ ಅಕ್ಕಸಾಲಿಗರು ಕರಗಿಸಿದ ಮೇಲೆ ಸಿಗುವ ಬೆಳ್ಳಿಗೆ ಬೆಲೆ ಕಟ್ಟುತ್ತಾರೆ. ಡಬ್ಬಿಗೂ ಅಂಕಿಗೂ ಕಟ್ಟುವುದಿಲ್ಲ. ಬೆಳ್ಳಿಯಿಲ್ಲದ ಐದು, ಹತ್ತರ ನಾಣ್ಯಗಳಿಗಂತೂ ಮುಖಬೆಲೆಯೇ ಕೊನೆಯ ಆಸರೆ.

ಈ ಸಂದರ್ಭದಲ್ಲಿ ಒಂದು ನಾಣ್ಯ ನೆನಪಾಗುತ್ತದೆ. ಮಹಾತ್ಮ ಬಸವೇಶ್ವರರ ಹೆಸರಿನಲ್ಲಿ 2006ರ ಇಸವಿಯನ್ನು ಹೊತ್ತು ಬಂದ ಐದು ರೂಪಾಯಿಯ ನಾಣ್ಯ ನಮ್ಮಲ್ಲಿ ಎಷ್ಟೋ ಮನೆಗಳ ದೇವರ ಗೂಡಿನಲ್ಲಿದೆ. ಸಂತೆಯಲ್ಲಿ ಚಿಲ್ಲರೆಯಾಗಿ ಬಂದದ್ದನ್ನು ಅಜ್ಜಿ ತೆಗೆದಿಟ್ಟಿದ್ದು, ಮೊಮ್ಮಗಳಿಗೆ ಕೊಟ್ಟದ್ದು. ಇದನ್ನು ಡಬ್ಬಿಯಲ್ಲಿ ಮುಚ್ಚಿಸಿ ಅಂಕಿ ಬರೆಯಿಸಿದರೆ ಅದು ಅಪರೂಪವಾಗುವುದಿಲ್ಲ; ಹಾಗೆಯೇ ಅಂಕಿಯಿಲ್ಲದ ಕಾರಣಕ್ಕೆ ಅದರ ಗೌರವವೂ ಕುಂದುವುದಿಲ್ಲ. ಪ್ರೀತಿಯಿಂದ ಇಟ್ಟುಕೊಳ್ಳುವ ನಾಣ್ಯಕ್ಕೆ ಲಾಭನಷ್ಟದ ಲೆಕ್ಕ ಬೇಡ. ಲೆಕ್ಕ ಬೇಕಾಗುವುದು ಮಗಳ ಹಣದಲ್ಲಿ ಕೊಳ್ಳುವಾಗ.

ಹಾಗೆಂದು ಎಲ್ಲ ಗಂಟುಗಳೂ ಕಸವೆಂದು ನಾವು ಹೇಳಲಾರೆವು. ನಾಣ್ಯಗಳನ್ನು ಬಲ್ಲವರು, ಪ್ರತಿಯೊಂದನ್ನೂ ಕಣ್ಣಾರೆ ನೋಡಿ, ಚೀಟಿಯ ಮೇಲಿನ ಸಂಖ್ಯೆಯನ್ನು ಆ ಸಂಸ್ಥೆಯ ದಾಖಲೆಯೊಡನೆ ತಾಳೆ ಹಾಕಿ (ಡಬ್ಬಿಗಳೇ ನಕಲಿಯಾಗಿ ಬರುವುದುಂಟು), ತಮಗೆ ಬೇಕಾದ ನಾಲ್ಕಾರು ನಾಣ್ಯಗಳಿಗಾಗಿಯೇ ಇಡೀ ಗಂಟಿನ ಬೆಲೆ ಸರಿಹೋಗುತ್ತದೆಂದು ಕಂಡರೆ ಕೊಳ್ಳಲಿ. ಬಲ್ಲವರಲ್ಲದವರಿಗೆ ಒಂದು ಸುಲಭ ಪರೀಕ್ಷೆ ಇದೆ. “ಇವೇ ನೂರನ್ನು ಈ ದಿನವೇ ನಾನು ನಿಮಗೆ ಮಾರಿದರೆ ಎಷ್ಟು ಕೊಡುವಿರಿ?” ಎಂದು ಮಾರುವವರನ್ನೇ ಕೇಳಬೇಕು. ಬರುವ ಉತ್ತರವೇ, ಅಥವಾ ಬಾರದ ಉತ್ತರವೇ, ಆ ಗಂಟಿನ ಬೆಲೆ.

ಇನ್ನೊಂದು ಬಗೆಯ ಮೋಸವನ್ನೂ ಹೇಳಿಬಿಡಬೇಕು. ಮಾತಾ ವೈಷ್ಣೋದೇವಿಯ ಚಿತ್ರವುಳ್ಳ 2012ರ ನಾಣ್ಯಕ್ಕೆ ಲಕ್ಷಗಟ್ಟಲೆ ರೂಪಾಯಿ ಬರುತ್ತದೆಂಬ ಸುದ್ದಿ ಮೊಬೈಲ್‌ಗಳಲ್ಲಿ ತಿರುಗುತ್ತಲೇ ಇರುತ್ತದೆ. ಹಳೆಯ ನಾಣ್ಯ, ನೋಟುಗಳ ವಹಿವಾಟಿನಲ್ಲಿ ತನ್ನ ಹೆಸರನ್ನೂ ಲಾಂಛನವನ್ನೂ ಬಳಸಿ ಶುಲ್ಕ, ಕಮಿಷನ್, ತೆರಿಗೆ ಕೇಳುವವರಿಗೆ ಹಣ ಕೊಡಬಾರದೆಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್ 4ರಂದು ಪ್ರಕಟಣೆ ಹೊರಡಿಸಿತು. ತಾನು ಇಂತಹ ವ್ಯವಹಾರ ಮಾಡುವುದಿಲ್ಲ, ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದೂ ತಿಳಿಸಿತು. ನಾಣ್ಯ ಮಾರಲು ಮುಂಗಡ ಹಣ ಕೇಳುವವರೊಡನೆ ಮಾತು ಬೆಳೆಸುವುದೇ ಬೇಡ.

ಸಹೋದರಿಯವರಿಗೆ ನಮ್ಮ ಉತ್ತರ ಇಷ್ಟು: ಈ ಗಂಟನ್ನು ಕೊಳ್ಳುವುದು ಬೇಡ. ಮಗಳಿಗೆ ಹತ್ತು ತುಂಬಿಲ್ಲವಾದ್ದರಿಂದ ಅಂಚೆ ಕಚೇರಿಯಲ್ಲಿಯೋ ಬ್ಯಾಂಕಿನಲ್ಲಿಯೋ 2015ರಲ್ಲಿ ಬಂದ ಸುಕನ್ಯಾ ಸಮೃದ್ಧಿ ಖಾತೆಯನ್ನು ಆಕೆಯ ಹೆಸರಿನಲ್ಲಿ ತೆರೆಯಬಹುದು. ಅದಕ್ಕೆ ಹದಿನೈದು ವರ್ಷ ಹಣ ಕಟ್ಟಬಹುದು; ಬೆಳೆ ಕೈಕೊಟ್ಟ ವರ್ಷ 250 ರೂಪಾಯಿ ಕಟ್ಟಿದರೂ ಖಾತೆ ಜೀವಂತವಾಗಿರುತ್ತದೆ. ಹದಿನೆಂಟು ತುಂಬಿದ ಮೇಲೆ ಓದಿಗೆಂದು ಅರ್ಧದವರೆಗೆ ಹಿಂತೆಗೆಯಲೂ ಅವಕಾಶವಿದೆ. ಯಜಮಾನರಿಗೆ ನಾಣ್ಯದ ಮೇಲೆ ನಿಜವಾದ ಆಸಕ್ತಿ ಹುಟ್ಟಿದ್ದರೆ ಅದನ್ನು ಹೀಯಾಳಿಸುವುದು ಬೇಡ. ಗಂಟಿನ ಬದಲು ಅವರ ಮನಸ್ಸಿಗೆ ಹಿಡಿಸಿದ ಒಂದೇ ಒಂದನ್ನು ತರಲಿ.

ಅತ್ತೆಯವರ ಪೆಟ್ಟಿಗೆಯಲ್ಲಿ ಹಳೆಯ ತಾಮ್ರದ ಕಾಸುಗಳಿವೆ, ತೋರಿಸುವ ಮೊದಲು ತೊಳೆಯಬೇಕೇ ಎಂದು ಪತ್ರದ ಕೊನೆಯಲ್ಲಿ ಕೇಳಿದ್ದಾರೆ. ತೊಳೆಯಬಾರದು. ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದ ನಾಣ್ಯಕ್ಕೆ ಆ ಸಂಸ್ಥೆಗಳು ಅಂಕಿಯನ್ನೇ ಕೊಡುವುದಿಲ್ಲ, ಸಂಗ್ರಹಕಾರರೂ ಬೆಲೆ ಇಳಿಸುತ್ತಾರೆ. ಒಂದೊಂದನ್ನೂ ಬೇರೆ ಬೇರೆ ಕಾಗದದಲ್ಲಿ ಸುತ್ತಿ, ತೇವ ತಾಗದ ಕಡೆ ಇಟ್ಟಿರಲಿ.