ವಾಟ ಇಲ್ಲದ ಪಾರ್ಕಿಂಗು, ತಳ ಇಲ್ಲದ ಖರ್ಚು

ಮಳೆ ಬಂದ ಮಾರನೇ ದಿನ ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಒಂದು ದೃಶ್ಯ ಕಾಯಂ. ಮೇಲಿನ ಹಂತದಲ್ಲಿ ನೀರು ಹೊಂಡದ ಹಾಗೆ ನಿಂತಿರುತ್ತೆ, ಅದರಿಂದ ನಾಲ್ಕು ಹೆಜ್ಜೆ ದೂರದಲ್ಲಿ ಡ್ರೈನಿನ ಜಾಲರಿ ಒಣಗಿಕೊಂಡು ಕೂತಿರುತ್ತೆ! ಕೆಳಗೆ ನಿಲ್ಲಿಸಿದ ಕಾರುಗಳ ಮೇಲೆ ಸುಣ್ಣದ ನೀರು ತೊಟ್ಟಿಕ್ಕಿ ಬಿಳಿ ಕಲೆ. ಪ್ರತಿ ಮೀಟಿಂಗಿನಲ್ಲೂ ಪರಿಹಾರ ಒಂದೇ: "ಇನ್ನೊಂದು ಕೋಟ್ ವಾಟರ್‌ಪ್ರೂಫಿಂಗ್ ಹೊಡೆಸೋಣ."

ನಾನಿದನ್ನು ಒಪ್ಪಲ್ಲ. ಓದಿದ್ದು ಸಿವಿಲ್, ಹೊಟ್ಟೆಪಾಡು ಸಾಫ್ಟ್‌ವೇರು. ಬಗ್ ಒಂದು ಕಡೆ, ಪ್ಯಾಚ್ ಇನ್ನೊಂದು ಕಡೆ ಅಂದ್ರೆ ಎರಡೂ ಕಸುಬಿನಲ್ಲಿ ನಡೆಯಲ್ಲ. ದೋಷ ಇರೋದು ವಾಟದಲ್ಲಿ.

ಲೆಕ್ಕ ನೋಡಿ. ಕಂಬದಿಂದ ಕಂಬಕ್ಕೆ 8 ಮೀಟರ್ ಅಂತಿಟ್ಟುಕೊಳ್ಳಿ. ಪೈಪ್ ಇಳಿಸೋಕೆ ಸುಲಭ ಅಂತ ಡ್ರೈನನ್ನು ಕಂಬದ ಪಕ್ಕದಲ್ಲಿಡ್ತಾರೆ. 100ಕ್ಕೆ 1ರಂತೆ ವಾಟ ಕೊಟ್ಟರೆ ನಡುವಿನಿಂದ ಕಂಬದವರೆಗಿನ 4 ಮೀಟರಿಗೆ ಸಿಗೋದು 40 ಮಿ.ಮೀ. ಇಳಿತ. ಆದರೆ ಸ್ಲ್ಯಾಬು ಭಾರಕ್ಕೆ ನಡುವೆ ಜಗ್ಗುತ್ತೆ, ವರ್ಷ ಕಳೆದಂತೆ ಇನ್ನಷ್ಟು. ಐಎಸ್ 456:2000 ಪ್ರಕಾರ ಒಟ್ಟು ಜಗ್ಗು ಸ್ಪ್ಯಾನಿನ 250ರಲ್ಲಿ ಒಂದು ಭಾಗ, ಅಂದ್ರೆ 32 ಮಿ.ಮೀ.ವರೆಗೆ ಇರಬಹುದು. ಉಳಿದದ್ದು 8 ಮಿ.ಮೀ. ಮೇಸ್ತ್ರಿ ಕೈ ಸ್ವಲ್ಪ ಆಚೀಚೆ ಆದರೆ ಅದೂ ಹೋಯ್ತು! 50ಕ್ಕೆ 1 ಕೊಟ್ಟಿದ್ದರೆ 80ರಲ್ಲಿ 48 ಉಳಿಯುತ್ತಿತ್ತು. ಡ್ರೈನನ್ನೇ ಜಗ್ಗುವ ಜಾಗದಲ್ಲಿಟ್ಟು ವಾಟವನ್ನು ಅತ್ತ ತಿರುಗಿಸಿದ್ದರೆ ಜಗ್ಗೂ ನಮ್ಮ ಪರ ಕೆಲಸ ಮಾಡ್ತಿತ್ತು.

ಇದೆಲ್ಲ ಸೆಂಟ್ರಿಂಗ್ ಹೊಡೆಯುವಾಗಲೇ ಆಗಬೇಕು. ಆಮೇಲೆ ಗಾರೆ ಹಾಕಿ ವಾಟ ಮಾಡ್ತೀವಿ ಅಂದ್ರೆ, 50 ಮಿ.ಮೀ. ಗಾರೆಗೆ ಚದರ ಮೀಟರಿಗೆ ಸುಮಾರು 100 ಕಿಲೋ ಭಾರ. ಸ್ಲ್ಯಾಬು ಇನ್ನೂ ಜಗ್ಗುತ್ತೆ.

"ಬರೀ ನೀರು ತಾನೇ?" ಅಂದರು ಒಬ್ಬ ಹಿರಿಯರು. ಕೆನಡಾದ ಎಲಿಯಟ್ ಲೇಕ್ ಊರಿನ ಆಲ್ಗೋ ಸೆಂಟರ್ ಮಾಲ್ 1980ರಲ್ಲಿ ಶುರುವಾಯ್ತು. ಪಾರ್ಕಿಂಗ್ ಇದ್ದದ್ದು ಚಾವಣಿ ಮೇಲೆ. ಮೊದಲಿನಿಂದಲೂ ಸೋರಿಕೆ, ಮೊದಲಿನಿಂದಲೂ ತೇಪೆ. 2012ರ ಜೂನ್ 23ರಂದು ಆ ಚಾವಣಿಯ ಒಂದು ಭಾಗ ಕುಸಿದು ಇಬ್ಬರು ಸತ್ತರು. ವರ್ಷಗಟ್ಟಲೆ ಇಳಿದ ನೀರು ಮತ್ತು ಉಪ್ಪಿಗೆ ಉಕ್ಕಿನ ಜೋಡಣೆ ತುಕ್ಕು ಹಿಡಿದಿತ್ತು ಅಂತ ತನಿಖಾ ಆಯೋಗ 2014ರಲ್ಲಿ ಹೇಳಿತು. ನಮ್ಮೂರಲ್ಲಿ ರಸ್ತೆಗೆ ಉಪ್ಪು ಸುರಿಯಲ್ಲ, ನಿಜ. ನಮ್ಮ ಕಟ್ಟಡ ನಾಳೆಯೇ ಬೀಳುತ್ತೆ ಅಂತಲೂ ಅಲ್ಲ. ಆದರೆ ನಿಂತ ನೀರು ಬಿರುಕಿನಲ್ಲಿ ಇಳಿದರೆ ಕಬ್ಬಿಣ ತುಕ್ಕು ಹಿಡಿಯೋದು ಇಲ್ಲೂ ಅದೇ ಥರ. ತುಕ್ಕು ಉಬ್ಬಿ ಕಾಂಕ್ರೀಟು ಸಿಡಿಯೋದೂ ಅದೇ ಥರ.

ನನ್ನ ಸಲಹೆ ಇಷ್ಟೇ: ನೀರು ನಿಲ್ಲುವ ಜಾಗಗಳಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಸ್ಟ್ರಕ್ಚರಲ್ ಇಂಜಿನಿಯರ್ ಕರೆಸಿ, ಕಂಬಿ ಎಲ್ಲಿದೆ ನೋಡಿಕೊಂಡು ಅಲ್ಲೇ ಹೊಸ ಡ್ರೈನ್ ಕೊರೆಸೋಣ. ಕೋಟಿಂಗ್ ಆಮೇಲೆ. ಮೀಟಿಂಗಿನಲ್ಲಿ ಹೇಳಿದೆ, "ಮುಂದಿನ ಸಲ ನೋಡೋಣ" ಅಂತಾಯ್ತು.

ಫ್ಲಾಟ್ ನೋಡೋಕೆ ಹೋದಾಗ ನಾವೆಲ್ಲ ಟೈಲ್ಸು, ಕಿಚನ್ನು ನೋಡ್ತೀವಿ. ಇನ್ಮೇಲೆ ಮಳೆ ಬಂದ ಮಾರನೇ ದಿನ ಹೋಗಿ ಪಾರ್ಕಿಂಗ್ ನೋಡಿ. ನಿಮ್ಮ ಕಟ್ಟಡದಲ್ಲಿ ಡ್ರೈನ್ ಎಲ್ಲಿದೆ, ನೀರು ಎಲ್ಲಿದೆ? ಬರೆದು ತಿಳಿಸಿ...